ಕಿಲೋಮೀಟರ್ ನಂಬಿದ ಕಾಕಾ

ಹೋದ ವಾರ ಕಾರನ್ನು ಸರ್ವಿಸಿಗೆ ಒಯ್ದಿದ್ದೆ. ಗಾಡಿಯನ್ನು ಮೇಲೆತ್ತಿ, ತಳದ ಬೋಲ್ಟ್ ಬಿಚ್ಚಿ ಹಳೆಯ ಆಯಿಲ್ ಇಳಿಸುತ್ತಿದ್ದರು. ಬಿಸಿ ಎಣ್ಣೆಯ ಕಮಟು ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿ ಕೂತಿದ್ದವರು ಆರಾಮಾಗಿ ಚಹಾ ಕುಡಿಯುತ್ತಿದ್ದರು. ನಾನು ಮಾತ್ರ ಎದ್ದು ಬಾಗಿಲ ಕಡೆ ಹೋದೆ... ಆ ವಾಸನೆ ಬಂದರೆ ಸಾಕು, ಮೇಲಿನ ಮನೆ ಕಾಕಾ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ.

ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನಲ್ಲಿ ಕನ್ನಡದ ಮನೆಗಳು ಎರಡೇ ಇದ್ದವು. ಮೇಲೆ ಅವರದು, ಅದರ ಕೆಳಗೆ ನಮ್ಮದು. ಅವರು ಧಾರವಾಡ ಕಡೆಯವರು, ನಾವು ವಿಜಯಪುರದವರು. ಕಾಕಾ ಫೋರ್ಟ್‌ನ ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾಗಿದ್ದರು. ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ, ಆದರೆ ಊರ ಕಡೆಯ ಮಾತು ಕಿವಿಗೆ ಬಿದ್ದ ಮೊದಲ ದಿನವೇ ನನಗೆ ಕಾಕಾ ಆದರು. ಮನುಷ್ಯ ಒಳ್ಳೆಯವರು, ಮಹಾ ಮೊಂಡರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಆ ಬಿಲ್ಡಿಂಗ್ ಕಟ್ಟಿದವರು ಕಾರುಗಳ ಯೋಚನೆಯನ್ನೇ ಮಾಡಿರಲಿಲ್ಲ. ಹಾಗಾಗಿ ಗಾಡಿಗಳು ಒಂದರ ಹಿಂದೊಂದು ನಿಲ್ಲುತ್ತಿದ್ದವು. ಹಿಂದಿನದು ಹೊರಗೆ ಹೋಗಬೇಕಾದರೆ ಮುಂದಿನವನ್ನೆಲ್ಲ ಸರಿಸಬೇಕು. ಈ ಕೆಲಸವನ್ನು ಕಾಕಾ ತಾವಾಗಿಯೇ ಮೈಮೇಲೆ ಹಾಕಿಕೊಂಡಿದ್ದರು. ಎಲ್ಲರ ಕೀಲಿಗಳೂ ಅವರ ಬಾಗಿಲ ಪಕ್ಕದ ಮೊಳೆಗಳಲ್ಲಿ ತೂಗುತ್ತಿದ್ದವು. ಬೆಳಿಗ್ಗೆ ಬನಿಯನ್ ಪೈಜಾಮದಲ್ಲೇ ಇಳಿದು ಬಂದು ಒಂದೊಂದನ್ನೇ ಚಾಲೂ ಮಾಡುವುದು, ನಾಲ್ಕು ಮಾರು ಮುಂದೆ ತರುವುದು, ಬಂದ್ ಮಾಡುವುದು. ಹೋಗುವವರು ಹೋದ ಮೇಲೆ ಮತ್ತೆ ಎಲ್ಲವನ್ನೂ ಚಾಲೂ ಮಾಡಿ ಹಿಂದೆ ಜೋಡಿಸುವುದು. ನಮ್ಮ ಕಾರು ಗೇಟಿನ ಹತ್ತಿರವೇ ನಿಲ್ಲುತ್ತಿದ್ದರಿಂದ ಅದಕ್ಕೆ ಈ ಸೇವೆ ಎಲ್ಲರಿಗಿಂತ ಹೆಚ್ಚು. ನಮ್ಮ ಯಜಮಾನರು ಆಫೀಸಿಗೆ ಹೋಗುತ್ತಿದ್ದದ್ದು ಲೋಕಲ್ ರೈಲಿನಲ್ಲಿ. ಕಾರು ಗೇಟು ದಾಟುತ್ತಿದ್ದದ್ದು ಹಬ್ಬ ಹುಣ್ಣಿಮೆಗೆ.

ಕಾರು ಕೊಂಡು ವರ್ಷ ತುಂಬಿದಾಗ ಸರ್ವಿಸ್‌ನವರು ಫೋನ್ ಮಾಡಿದರು. ಹತ್ತು ಸಾವಿರ ಕಿಲೋಮೀಟರ್ ಇಲ್ಲವೇ ಒಂದು ವರ್ಷ, ಯಾವುದು ಮೊದಲು ಬರುತ್ತದೋ ಆಗ ಆಯಿಲ್ ಬದಲಿಸಬೇಕಂತೆ. ಕಾಕಾ ನಮ್ಮ ಮನೆಯಲ್ಲೇ ಕೂತಿದ್ದರು.

"ಗಾಡಿ ಎಲ್ಲೆ ಓಡೇತಿ? ಓಡದ ಎಣ್ಣಿ ಹೆಂಗ ಕೆಡತೈತಿ ನನಗಂತೂ ತಿಳಿವಲ್ದು. ಇವೆಲ್ಲಾ ಮಂದಿನ್ನ ಅಂಜಸೋ ಧಂದೆ," ಎಂದರು.

ಕಾರಿನ ವಿಷಯದಲ್ಲಿ ನಮ್ಮ ಮನೆಗೆ ಅವರೇ ಹೈಕೋರ್ಟು. ಮರುವರ್ಷವೂ ಅದೇ ತೀರ್ಪು ಬಂತು. ಆಗಾಗ ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿ, "ತುಂಬಿದ್ದು ತುಂಬಿದಂಗ ಐತಿ" ಎಂದು ನನಗೂ ತೋರಿಸುತ್ತಿದ್ದರು.

ಅವರು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ತಮ್ಮದೇ ಬೆಳಗಿನ ಕೆಲಸವನ್ನು. ಎಂಜಿನ್ ಸರಿಯಾಗಿ ಕಾಯುವ ಮೊದಲೇ ದಿನಾ ಬಂದ್ ಮಾಡುತ್ತಿದ್ದರೆ ಒಳಗೆ ನೀರಿನ ಪಸೆ ಉಳಿಯುತ್ತದೆ, ಉರಿಯದ ಪೆಟ್ರೋಲು ಆಯಿಲಿಗೆ ಇಳಿಯುತ್ತದೆ. ಆಯಿಲ್ ಕೆಡುತ್ತಲೇ ಹೋಗುತ್ತದೆ, ಮೀಟರ್ ಮಾತ್ರ ಕದಲುವುದಿಲ್ಲ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ...

ಆ ಮಳೆಗಾಲದ ಒಂದು ಮಧ್ಯಾಹ್ನ ನಮ್ಮ ಅವ್ವನಿಗೆ ಉಸಿರು ಸಿಗದಾಯಿತು. ಅವಳು ನಮ್ಮ ಜೊತೆಗೇ ಇದ್ದಳು, ಎದೆ ಮೊದಲೇ ದುರ್ಬಲ. ಹಳಿಗಳ ಮೇಲೆ ನೀರು ನಿಂತು ಲೋಕಲ್ ಬಂದ್ ಆಗಿತ್ತು, ಯಜಮಾನರು ಫೋರ್ಟ್‌ನ ತಮ್ಮ ಆಫೀಸಿನಲ್ಲಿ ಸಿಕ್ಕಿಬಿದ್ದಿದ್ದರು. ಆಂಬುಲೆನ್ಸಿನವರು ತಡವಾಗುತ್ತದೆ ಎಂದರು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಅವಳನ್ನು ಮೊದಲಿಂದ ನೋಡುತ್ತಿದ್ದ ಆಸ್ಪತ್ರೆ ಇದ್ದದ್ದು ಸಾಯನ್ ಆಚೆ. ನನಗೆ ಆಗ ಗಾಡಿ ನಡೆಸಲು ಬರುತ್ತಿರಲಿಲ್ಲ. ಮೇಲೆ ಓಡಿ ಬಾಗಿಲು ಬಡಿದೆ. ಕಾಕಾ ಊಟದ ತಾಟಿನ ಮುಂದಿನಿಂದ ಎದ್ದವರು ಅಂಗಿ ಕೂಡ ಹಾಕಿಕೊಳ್ಳದೆ ಕೀಲಿ ತೆಗೆದುಕೊಂಡು ಇಳಿದರು.

ಹೈವೇಯಲ್ಲಿ ಗಾಡಿಗಳು ತೆವಳುತ್ತಿದ್ದವು. ಅವ್ವ ಹಿಂದಿನ ಸೀಟಿನಲ್ಲಿ ನನ್ನ ಭುಜಕ್ಕೆ ಒರಗಿದ್ದಳು. ಒಂದೊಂದು ಉಸಿರಿಗೂ ಅವಳ ಇಡೀ ಮೈ ಮೇಲೇಳುತ್ತಿತ್ತು. ಚೆಂಬೂರಿನ ಹತ್ತಿರ ಬಂದಾಗ ಕಾಕಾನ ಕತ್ತು ಒಮ್ಮೆಲೇ ಬಿಗಿಯಾದದ್ದು ಕಂಡಿತು.

"ಏನಾತ್ರಿ ಕಾಕಾ?"

"ಆಯಿಲ್ ದೀಪ ಹತ್ತೇತಿ. ಕೆಂಪಗ. ಇದು ಹತ್ತಿತಂದ್ರ ಗಾಡಿ ನಿಲ್ಲಸಬೇಕು."

"ನಿಲ್ಲಸಬ್ಯಾಡ್ರಿ!" ಎಂದು ಕಿರುಚಿದೆ.

"ನಿಲ್ಲಸಂಗಿಲ್ಲ. ನೀ ಅವ್ವನ್ನ ನೋಡು."

ಆಮೇಲೆ ಸದ್ದು ಶುರುವಾಯಿತು. ಡಬ್ಬಿಯಲ್ಲಿ ಕಲ್ಲು ಹಾಕಿ ಅಲುಗಾಡಿಸಿದ ಹಾಗೆ, ಮೊದಲು ಮೆಲ್ಲಗೆ, ಆಮೇಲೆ ಮಳೆಯ ಸದ್ದನ್ನೂ ಮೀರಿ. ಯಾವ ಗಳಿಗೆಯಲ್ಲಾದರೂ ಎಂಜಿನ್ ಬಿಗಿದು ನಿಂತುಬಿಡಬಹುದಿತ್ತು. ಸುತ್ತ ಟ್ರಕ್ಕುಗಳು, ರಸ್ತೆಯ ತುಂಬ ನೀರು, ಇಳಿದರೆ ಅವ್ವನನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು? ಎಂಜಿನ್ನಿಗೆ ಕಿವಿ ಕೊಡಬೇಕೋ ಅವ್ವನ ಉಸಿರಿಗೆ ಕೊಡಬೇಕೋ ತಿಳಿಯದೆ ನಾನು ಒದ್ದಾಡುತ್ತಿದ್ದೆ. ಅವಳ ಉಗುರುಗಳು ನೀಲಿಯಾಗುತ್ತಿದ್ದವು. ಕಾಕಾ ಮುಂದಕ್ಕೆ ಬಾಗಿ, ಕಾಲನ್ನು ಹಗುರವಾಗಿ ಒತ್ತುತ್ತ ಒಂದೇ ಸಮನೆ ಹೇಳುತ್ತಿದ್ದರು, "ಇನ್ನೊಂದೀಟ ತಾಳು ತಾಯಿ... ಇನ್ನೊಂದೀಟ..." ಹೇಳುತ್ತಿದ್ದದ್ದು ಗಾಡಿಗೋ ಅವ್ವನಿಗೋ, ಗೊತ್ತಾಗಲಿಲ್ಲ.

ಆಸ್ಪತ್ರೆಯ ಗೇಟು ಕಣ್ಣಿಗೆ ಬಿದ್ದ ಮೇಲೆ ಗಾಡಿ ಒಂದು ಸಲ ಜಗ್ಗಿ ನಿಂತೇಬಿಟ್ಟಿತು. ಕಾಕಾ ಬನಿಯನ್ನಿನಲ್ಲೇ ಮಳೆಯಲ್ಲಿ ಓಡಿದರು. ಸ್ಟ್ರೆಚರ್ ಜೊತೆಗೆ ಆಳುಗಳನ್ನು ಎಳೆದುಕೊಂಡೇ ಬಂದರು. ಸಂಜೆಯ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಇನ್ನು ಭಯವಿಲ್ಲ ಎಂದರು.

ಅಲ್ಲಿಯವರೆಗೆ ತಡೆದುಕೊಂಡಿದ್ದ ನನ್ನ ಬಾಯಿ ಆಗ ಬಿಚ್ಚಿಕೊಂಡಿತು.

"ಎಂಥಾ ಕಿಲೋಮೀಟರ್ ಲೆಕ್ಕಾರಿ ನಿಮ್ದು? ಆಸ್ಪತ್ರಿ ಇನ್ನೀಟ ದೂರ ಇದ್ದಿದ್ರ ನಮ್ಮವ್ವ ರಸ್ತೇದಾಗ ಸಾಯತಿದ್ಲು!"

ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬೈದದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಕಾಕಾ ಗೋಡೆಗೆ ಒರಗಿ ನಿಂತಿದ್ದರು, ಪೈಜಾಮದಿಂದ ನೀರು ಸೋರುತ್ತಿತ್ತು.

"ಖರೇ ಐತವಾ," ಎಂದರು. ಆ ಮೊಂಡ ಮನುಷ್ಯನ ಬಾಯಲ್ಲಿ ಆ ಮಾತನ್ನು ನಾನು ಮೊದಲ ಸಲ ಕೇಳಿದ್ದು.

ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿದಾಗ ಆಯಿಲ್ ಕಾಕಂಬಿಯ ಹಾಗೆ ಗಟ್ಟಿಯಾಗಿ ತಳ ಹಿಡಿದು, ಎಣ್ಣೆ ಹರಿಯುವ ದಾರಿಯನ್ನೇ ಕಟ್ಟಿಬಿಟ್ಟಿತ್ತಂತೆ. ಕಾಕಾ ಹೋಗಿ ನಿಂತು ನೋಡಿ ಬಂದರು. ಮರುದಿನ ಮನೆಮನೆಯ ಬಾಗಿಲು ತಟ್ಟಿ ಎಲ್ಲರ ಕೀಲಿಗಳನ್ನೂ ಹಿಂದಿರುಗಿಸಿದರು. ಯಾರೆಷ್ಟು ಕೇಳಿಕೊಂಡರೂ ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ.

ಅವ್ವ ಮನೆಗೆ ಬಂದಳು. ಮೆಟ್ಟಿಲ ಮೇಲೆ ಸಿಕ್ಕಾಗ ಅವರಿಗೆ ಹೇಳಿದೆ, "ನೀವು ಅವತ್ತು ಗಾಡಿ ನಿಲ್ಲಸಲಿಲ್ಲ, ಅದಕ್ಕ ಅವ್ವ ಉಳದಾಳ್ರಿ." ಅವರು ಕೈ ಅಡ್ಡ ಹಿಡಿದು, "ಆ ಮಾತ ಬ್ಯಾಡವಾ. ಕೆಡಿಸಿದಾಂವನೂ ನಾನ," ಎಂದು ಇಳಿದುಹೋದರು. ದಸರೆಗೆ ಬನ್ನಿ ಕೊಡಲು ಹೋದಾಗಲೂ ಹೇಳಿದೆ. ಮತ್ತೆ ಅದೇ ಕೈ ಅಡ್ಡ. ಬೈಗುಳವನ್ನು ತೆಗೆದುಕೊಂಡ ಮನುಷ್ಯ ಉಪಕಾರದ ಮಾತನ್ನು ತೆಗೆದುಕೊಳ್ಳಲೇ ಇಲ್ಲ. ಅವ್ವ ಕಿಟಕಿಯಿಂದಲೇ ಕೂಗುತ್ತಿದ್ದಳು, "ಏನಪಾ, ಗಾಡಿ ಸತ್ತು ನಾ ಉಳದೀನಿ. ಮಾರಿ ಯಾಕ ತಪ್ಪಸ್ತಿ?" ಅದಕ್ಕೂ ಅವರು ನಗಲಿಲ್ಲ. ಅವ್ವ ಮೊಮ್ಮಗಳ ಮದುವೆ ನೋಡಿ, ಕೆಲವು ವರ್ಷದ ಮೇಲೆ ತನ್ನ ಹಾಸಿಗೆಯಲ್ಲೇ ಕಣ್ಣು ಮುಚ್ಚಿದಳು.

ಈಗ ಕಾರು ನಾನೇ ನಡೆಸುತ್ತೇನೆ. ಮೀಟರ್ ಏನೇ ಹೇಳಲಿ, ವರ್ಷವಾಯಿತೆಂದರೆ ಆಯಿಲ್ ಬದಲಿಸುತ್ತೇನೆ.

ಕಾಕಾ ಹೋದ ಶ್ರಾವಣದಲ್ಲಿ ತೀರಿಕೊಂಡರು. ಹಾಲ್‌ನಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಪಕ್ಕದಲ್ಲಿ ಕೂತು, ಬಂದವರು ಕೇಳಿದರೂ ಕೇಳಲಿ ಎಂದುಕೊಂಡು, ಅದೇ ಮಾತನ್ನು ಮತ್ತೊಮ್ಮೆ ಹೇಳಿದೆ. ಕೈ ಅಡ್ಡ ಬರಲಿಲ್ಲ. ಇಷ್ಟು ವರ್ಷ ಆ ಕೈಯ ಮೇಲೆ ನನಗೆ ಸಿಟ್ಟಿತ್ತು. ಅದೊಮ್ಮೆ ಎದ್ದು ಬೇಡ ಅಂದಿದ್ದರೆ ಸಾಕಿತ್ತು ಎಂದು ಈಗ ಅನ್ನಿಸುತ್ತದೆ...