ಏಳನೇ ಕೋಣೆಯ ಗೋಡೆ

ನಮ್ಮೂರ ನಡುವಿನ ಕೋಟೆಯನ್ನು ಯಾವುದೋ ಕಾಲದ ದೊರೆ ತನ್ನ ಸಂಸಾರಕ್ಕೆಂದು ಕಟ್ಟಿಸಿದ್ದು. ಅವನ ವಂಶ ಮುಗಿದ ಮೇಲೆ ಅಲ್ಲಿ ಸೈನಿಕರಿದ್ದರು. ಅವರು ಹೋದ ಮೇಲೆ ಜೈಲಾಯಿತು, ಜೈಲು ಹೋಗಿ ಆಸ್ಪತ್ರೆ, ಆಸ್ಪತ್ರೆ ಹೋಗಿ ನೋಂದಣಿ ಕಚೇರಿ. ಈಗ ವಸ್ತುಸಂಗ್ರಹಾಲಯ ಮಾಡುತ್ತಿದ್ದಾರೆ. ಒಳಗಿರುವವರು ಬದಲಾದಾಗಲೆಲ್ಲ ಗೋಡೆಯ ಬಣ್ಣವೂ ಬದಲಾಯಿತು. ಜೈಲು ಆಸ್ಪತ್ರೆಯಾದಾಗ ಅದಕ್ಕೆ ಸುಣ್ಣ ಬಳಿದವರಲ್ಲಿ ನನ್ನ ದೊಡ್ಡಪ್ಪನೂ ಒಬ್ಬ.

ದೊಡ್ಡಪ್ಪನಿಗೆ ಈಗ ಎಪ್ಪತ್ತಾರು. ಸುಣ್ಣಕ್ಕೆ ಸವೆದು ಸವೆದು ಅವನ ಬೆರಳ ತುದಿಗಳಲ್ಲಿ ಗೆರೆಯೇ ಉಳಿದಿಲ್ಲ. ಹಳೆಯ ಸುಣ್ಣವನ್ನು ಗಾರೆ ಕಾಣುವ ತನಕ ಕೆರೆಯದೆ ಅವನು ಹೊಸ ಸುಣ್ಣ ಮುಟ್ಟುತ್ತಿರಲಿಲ್ಲ. ಜೊತೆಗಾರರು ಒಂದು ಗೋಡೆ ಮುಗಿಸಿ ಬೀಡಿ ಹಚ್ಚುವಾಗಲೂ ಇವನು ಕೆರೆಯುತ್ತಲೇ ಇರುತ್ತಿದ್ದ.

“ಏನಪ್ಪಾ, ಗೋಡೆಗೆ ಕ್ಷೌರ ಮಾಡ್ತಿದೀಯಾ? ಮೀಸೆ ಬಿಟ್ಟುಬಿಡು, ಅಂದವಾಗಿರುತ್ತೆ” ಎಂದು ನಗುತ್ತಿದ್ದರಂತೆ.

ಅದೇ ಜೈಲಿನ ಏಳನೇ ಕೋಣೆಯಲ್ಲಿ ಅವನ ಅಪ್ಪ, ಎಂದರೆ ನನ್ನ ತಾತ, ಮೂರು ವರ್ಷ ಇದ್ದ. ಒಂದು ಜಗಳದಲ್ಲಿ ಕೈ ಮೀರಿತ್ತು. ಆರು ತಿಂಗಳಿಗೊಮ್ಮೆ ಅಜ್ಜಿ ಮಗನನ್ನು ಕರೆದುಕೊಂಡು ಹೋಗುತ್ತಿದ್ದಳು. ಕೈಗೂಸಾಗಿದ್ದ ನನ್ನ ಅಪ್ಪ ಮನೆಯಲ್ಲೇ ಉಳಿಯುತ್ತಿದ್ದ. ದೊಡ್ಡಪ್ಪನಿಗೆ ಎಂಟು ತುಂಬಿದ ವರ್ಷ ತಾತ ಅಲ್ಲೇ ಜ್ವರ ಬಂದು ಸತ್ತ. ಒಂದು ಭಾವಚಿತ್ರವೂ ಇಲ್ಲ.

ಇಪ್ಪತ್ತರ ವಯಸ್ಸಿನಲ್ಲಿ ಸುಣ್ಣದ ಬಕೆಟ್ಟು ಹಿಡಿದು ಕೋಟೆಗೆ ಹೋದಾಗ ದೊಡ್ಡಪ್ಪ ಏಳನೇ ಕೋಣೆಯನ್ನು ಕೇಳಿ ಪಡೆದ. ಅಪ್ಪ ಇದ್ದ ಜಾಗ, ಚೊಕ್ಕಟವಾಗಿರಲಿ ಎಂದು ಎರಡು ದಿನ ಒಬ್ಬನೇ ಕೆರೆದ. ಬಾಗಿಲ ಪಕ್ಕ ಸೊಂಟಕ್ಕೂ ಎದೆಗೂ ನಡುವೆ ಒಂದರ ಮೇಲೊಂದು ಆರು ಅಡ್ಡಗೆರೆಗಳಿದ್ದವು. ಯಾರೋ ದಿನ ಎಣಿಸಲು ಹೊರಟು ಬೇಸತ್ತು ಬಿಟ್ಟಿರಬೇಕು ಎಂದುಕೊಂಡ. ಗೆರೆಗಳು ಆಳವಾಗಿದ್ದವು. ಅವನ್ನು ಕೆರೆದು ಅಳಿಸಲಿಕ್ಕೇ ಅರ್ಧ ದಿನ ಹಿಡಿಯಿತು.

ಹದಿನೈದು ವರ್ಷ ಕಳೆದ ಮೇಲೆ, ಜೈಲಿನ ಹಳೆಯ ಕಾವಲುಗಾರನೊಬ್ಬನ ಮನೆಗೆ ಸುಣ್ಣ ಬಳಿಯಲು ಹೋಗಿದ್ದ. ಆತ ಚಹಾ ಕೊಡುತ್ತಾ ಅಪ್ಪನ ಹೆಸರು ಕೇಳಿ ಗುರುತು ಹಿಡಿದ.

“ಅಯ್ಯೋ, ನೀನು ಅವನ ಮಗನೇನೋ! ನೀನು ಬಂದು ಹೋದ ದಿನ ನಿಮ್ಮಪ್ಪ ಊಟಕ್ಕೆ ಮುಂಚೆ ಗೋಡೆಗೆ ಒತ್ತಿ ನಿಂತ್ಕೊಳ್ತಿದ್ದ ಕಣೋ. ‘ನನ್ಮಗ ಈ ಸಲ ನನ್ನಂಗಿಯ ಎರಡನೇ ಗುಂಡಿಗೆ ಬಂದ’ ಅಂತ ಅಲ್ಲಿಗೆ ಚಮಚದ ಹಿಡಿಯಿಂದ ಗೆರೆ ಕೊರೀತಿದ್ದ. ನಾನು ನೋಡಿಯೂ ನೋಡದ ಹಾಗೆ ಇರ್ತಿದ್ದೆ.”

ದೊಡ್ಡಪ್ಪ ಚಹಾ ಕುಡಿದು ಆ ಮನೆಯ ಕೆಲಸ ಮುಗಿಸಿದ. ಈ ಮಾತನ್ನು ಯಾರಿಗೂ ಹೇಳಲಿಲ್ಲ.

ಹೇಳಿದ್ದು ಕಳೆದ ವಾರ, ನನಗೆ. ಕೋಟೆಯಲ್ಲಿ ಗೋಡೆಗಳ ಪದರ ಬಿಡಿಸುತ್ತಿದ್ದಾರೆ, ಕೈದಿಗಳು ಬರೆದ ಚಿತ್ರಗಳು ಸಿಗುತ್ತಿವೆ ಎಂದು ನಾನು ಪತ್ರಿಕೆ ಓದಿ ಹೇಳಿದ್ದೆ.

“ಒಂದು ಗೆರೆಯಾದ್ರೂ ಉಳಿದಿರಬಹುದು ಮಗಾ” ಎಂದ. “ಆಗ ಕೆರೆಯೋ ತಗಡು ಮೊಂಡಾಗಿತ್ತು.”

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಜೊತೆ ಹೊರಟ. ನಾಲ್ಕನೇ ಕೋಣೆಯಲ್ಲಿ ಒಂದು ದೋಣಿ ಸಿಕ್ಕಿತ್ತು, ಐದರಲ್ಲಿ ಹೆಂಗಸಿನ ಮುಖ. ಏಳರಲ್ಲಿ ವಸ್ತುಸಂಗ್ರಹಾಲಯದ ಮೇಡಂ ಮಂಡಿಯೂರಿ ಕೂತು ಸಣ್ಣ ಚಾಕುವಿನಿಂದ ಬಾಗಿಲ ಪಕ್ಕವನ್ನೇ ಬಿಡಿಸುತ್ತಿದ್ದರು. ಕಚೇರಿಯ ಹಳದಿ ಉದುರಿತು. ಆಸ್ಪತ್ರೆಯ ಹಸಿರು ಉದುರಿತು. ಅದರ ಕೆಳಗೆ ದೊಡ್ಡಪ್ಪ ಬಳಿದ ಬಿಳಿ. ಅದೂ ಉದುರಿತು. ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

ಬರೀ ಗಾರೆ. ಅಂಗೈಯಂತೆ ನುಣುಪು.

“ಇಲ್ಲೇನೂ ಸಿಗಲ್ಲ ಅಜ್ಜ” ಎಂದರು ಮೇಡಂ. “ಬೇರೆ ಕೋಣೆಗಳಲ್ಲಿ ಕಾಟಾಚಾರಕ್ಕೆ ಮೇಲಿಂದ ಮೇಲೆ ಬಳಿದಿದ್ದಾರೆ. ಹಾಗಾಗಿ ಎಲ್ಲಾ ಉಳಿದಿದೆ. ಇದನ್ನ ಮಾತ್ರ ಯಾರೋ ತುಂಬಾ ಶ್ರದ್ಧೆಯಿಂದ ಕೆರೆದಿದ್ದಾರೆ.”

“ಹೌದು” ಎಂದ ದೊಡ್ಡಪ್ಪ. “ಚೆನ್ನಾಗಿ ಕೆರೆದಿದ್ದಾನೆ.”

ಗೋಡೆಯ ಹತ್ತಿರ ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತ. ಆಮೇಲೆ ಮೆಲ್ಲಗೆ ಮಂಡಿ ಮಡಚಿ ತಗ್ಗಿದ. ತಲೆ ಎಂಟು ವರ್ಷದ ಹುಡುಗನ ಎತ್ತರಕ್ಕೆ ಬಂದಾಗ ನಿಂತು, ನೆತ್ತಿಯ ಮೇಲಿಂದ ಕೈಯನ್ನು ಹಿಂದಕ್ಕೆ ಚಾಚಿದ.

“ಅಜ್ಜ, ಗೋಡೆ ಮುಟ್ಟೋ ಹಾಗಿಲ್ಲ” ಎಂದರು ಮೇಡಂ. ಅವರ ದನಿ ಒರಟಾಗೇನೂ ಇರಲಿಲ್ಲ.

ದೊಡ್ಡಪ್ಪ ತಕ್ಷಣ ಕೈ ತೆಗೆದ. ಏಳಲು ಆಗಲಿಲ್ಲ, ನಾನು ತೋಳು ಹಿಡಿದೆ.

“ತಪ್ಪಾಯ್ತಮ್ಮ” ಎಂದ. “ಕೆರೆದ ಗೋಡೆ ಮುಟ್ಟಬಾರದು. ಕೈ ಜಿಡ್ಡು ಹತ್ತುತ್ತೆ.”