ಹಾಲಮ್ಮ ದಾಟಿದ ಸೇತುವೆ

ಸೊರಬದಿಂದ ಬರುವ ಬಸ್ಸು ಜಡೆ ಊರಿನಲ್ಲಿ ನಿಂತೊಡನೆ ಎದುರಿಗೆ ಕಾಣುವುದು ಒಂದು ಮೋಟಾರ್ ರಿಪೇರಿ ಅಂಗಡಿ. ಹಲಗೆಯ ಮೇಲೆ ಸದಾಶಿವಪ್ಪ ಎಂದು ಬರೆದಿದೆ. ಆದರೆ ಒಳಗೆ ಕುಳಿತು ಸುಟ್ಟುಹೋದ ಪಂಪ್‌ಸೆಟ್ಟುಗಳಿಗೆ ಹೊಸ ತಂತಿ ಸುತ್ತುವವಳು ಅವನ ಹೆಂಡತಿ ಹಾಲಮ್ಮ. ಸದಾಶಿವಪ್ಪನದು ಬಾವಿಯಿಂದ ಮೋಟಾರು ಎತ್ತಿ ತರುವ, ಮತ್ತೆ ಇಳಿಸುವ ಕೆಲಸ. ಸುತ್ತುವುದಕ್ಕೆ ತಾಳ್ಮೆ ಬೇಕು, ಅದು ತನಗಿಲ್ಲ ಎಂದು ಅವನೇ ಹೇಳುತ್ತಾನೆ. ಹಾಲಮ್ಮ ಯಾವ ಮೋಟಾರನ್ನಾದರೂ ಬಿಚ್ಚಿದ ಕೂಡಲೇ ಹಳೆಯ ತಂತಿಯನ್ನು ಕಿತ್ತೆಸೆಯುವುದಿಲ್ಲ. ಎಷ್ಟು ಸುತ್ತು, ತಂತಿ ಕೂರುವ ಯಾವ ಸೀಳಿನಿಂದ ಯಾವ ಸೀಳಿಗೆ ಎಂದು ಎಣಿಸಿ, ನೋಟುಪುಸ್ತಕದಲ್ಲಿ ಚಿತ್ರ ಬರೆದುಕೊಂಡು, ಆಮೇಲೆ ಕತ್ತರಿ ಹಾಕುತ್ತಾಳೆ. ಎಣಿಸುವಾಗ ಅವಳ ತುಟಿ ಅಲ್ಲಾಡುತ್ತಿರುತ್ತದೆ. ಆಗ ಯಾರು ಮಾತನಾಡಿಸಿದರೂ ಉತ್ತರ ಸಿಗದು.

ಈ ಹಾಲಮ್ಮ ನನ್ನ ವಿದ್ಯಾರ್ಥಿನಿ. ಅವಳ ತವರು ಶಿಕಾರಿಪುರ. ಮನೆ ನಮ್ಮ ಬೀದಿಯಲ್ಲೇ. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಾಗ, ಅಂದರೆ ಸಾವಿರದ ಒಂಬೈನೂರ ತೊಂಬತ್ತಮೂರರಲ್ಲಿ, ಅವಳು ಒಂಬತ್ತನೆಯ ತರಗತಿಯಲ್ಲಿದ್ದಳು. ಅವಳ ತಂದೆಗೆ ಬಸ್‌ ನಿಲ್ದಾಣದ ಬಳಿ ಕಿರಾಣಿ ಅಂಗಡಿಯಿತ್ತು. ಅವಳ ಅಣ್ಣ ವೀರಬಸಪ್ಪನಿಗೆ ಆಗ ಇಪ್ಪತ್ತು ವರ್ಷ. ಅವನು ಎಲ್ಲಿಂದಲೋ ಒಂದು ವಿಡಿಯೋ ಗೇಮ್ ಪೆಟ್ಟಿಗೆಯನ್ನು ತಂದು ಅಂಗಡಿಯ ಮುಂದೆ ನಿಲ್ಲಿಸಿದ್ದ. ಆಳೆತ್ತರದ ಪೆಟ್ಟಿಗೆ, ನಾಣ್ಯ ಹಾಕಿದರೆ ಪರದೆಯ ಮೇಲೆ ಒಂದು ಸಣ್ಣ ವಿಮಾನ ಹಾರುತ್ತಿತ್ತು. ಎದುರಿನಿಂದ ಬರುವ ವೈರಿ ವಿಮಾನಗಳನ್ನು ಹೊಡೆದುರುಳಿಸುತ್ತ ಮುಂದೆ ಹೋಗಬೇಕು. ಐದನೆಯ ಹಂತದ ಕೊನೆಗೆ ಒಂದು ಉಕ್ಕಿನ ಸೇತುವೆ, ಅದರ ಮೇಲೆ ಸಾಲುಸಾಲು ತೋಪುಗಳು. ಶಾಲೆಗೆ ಚಕ್ಕರ್ ಹಾಕಿದ ಊರಿನ ಅರ್ಧ ಹುಡುಗರು ಆ ಸೇತುವೆಯ ಮುಂದೆ ಸತ್ತವರೇ. ದಾಟಿದವನೊಬ್ಬನೂ ಇರಲಿಲ್ಲ.

ಹೆಣ್ಣುಮಕ್ಕಳು ಅದನ್ನು ಮುಟ್ಟುವಂತಿರಲಿಲ್ಲ. ಆದರೆ ಮಧ್ಯಾಹ್ನ ಗಂಡಸರು ಊಟಕ್ಕೆ ಹೋದಾಗ ಅಂಗಡಿಯಲ್ಲಿ ಕೂರುತ್ತಿದ್ದವಳು ಹಾಲಮ್ಮ. ಅಕ್ಕಿಮೂಟೆಯ ಮೇಲೆ ಕುಳಿತು, ಯಾರೋ ಆಡುವುದನ್ನು ಓರೆಯಾಗಿ ನೋಡುತ್ತ ನೋಡುತ್ತ ಅವಳಿಗೊಂದು ಗುಟ್ಟು ತಿಳಿಯಿತು. ವೈರಿಗಳು ಮನಬಂದಂತೆ ಬರುವುದಿಲ್ಲ. ಎಡದಿಂದ ಏಳು, ಬಲದಿಂದ ನಾಲ್ಕು, ನಡುವೆ ಒಂದು ದೊಡ್ಡದು. ಪ್ರತಿ ಸಲವೂ ಅದೇ ಲೆಕ್ಕ. ಒಂದು ದಿನ ಮನೆಯವರೆಲ್ಲ ಬಳ್ಳಿಗಾವಿಗೆ ಮದುವೆಗೆ ಹೋಗಿದ್ದಾಗ, ಜ್ವರವೆಂದು ಉಳಿದುಕೊಂಡಿದ್ದ ಈ ಹುಡುಗಿ ಅರ್ಧ ಬಾಗಿಲು ಹಾಕಿ ಒಂದು ನಾಣ್ಯ ಹಾಕಿದಳು. ಸೇತುವೆ ದಾಟಿಬಿಟ್ಟಳು.

ಮರುದಿನ ಬೆಳಿಗ್ಗೆ ಪರದೆಯ ಮೇಲೆ ಯಾರೂ ಕಂಡಿರದಷ್ಟು ದೊಡ್ಡ ಅಂಕಿ ನಿಂತಿತ್ತು. "ಯಾರಪ್ಪ ಇದು?" ಎಂದು ಗೆಳೆಯರು ಕೇಳಿದರು. "ಇನ್ಯಾರು, ನಾನಽ. ರಾತ್ರಿ ಮದುವಿಯಿಂದ ಬಂದು ಆಡಿದೆ" ಎಂದ ವೀರಬಸಪ್ಪ. ಕರೆಂಟು ಹೋದರೆ ಅಂಕಿ ಅಳಿಸಿಹೋಗುತ್ತದೆಂದು ಅದನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ, ಪಕ್ಕದಲ್ಲಿ ತನ್ನ ಹೆಸರನ್ನೂ.

"ಅಣ್ಣಾ, ಸೇತುವೆ ದಾಟಿದ್ದು ನಾನು" ಎಂದಳು ಹಾಲಮ್ಮ. "ಆ ಕಡೆ ಮಂಜಿನ ಬೆಟ್ಟ ಐತಿ."

"ಬಾಯಿ ಮುಚ್ಚು. ಸೇತುವೆ ಆಚೆ ಸಮುದ್ರ ಐತಿ, ಹಡಗ ಬರ್ತಾವ. ಬೆಟ್ಟ ಅಂತ ಬೆಟ್ಟ!"

ಅವಳು ಶಾಲೆಗೆ ಬಂದು ನನಗೂ ಹೇಳಿದಳು. ನಾನು ನಕ್ಕು, "ಆಟ ಸಾಕು, ಪಾಠ ಓದು" ಎಂದೆ. ನಾನೂ ನಂಬಲಿಲ್ಲವೆಂಬುದನ್ನು ಇಲ್ಲಿ ಬರೆಯದಿದ್ದರೆ ತಪ್ಪಾದೀತು.

ಪೆಟ್ಟಿಗೆ ಎರಡೇ ವರ್ಷದಲ್ಲಿ ಗುಜರಿಗೆ ಹೋಯಿತು. ಹಾಲಮ್ಮ ಮದುವೆಯಾಗಿ ಜಡೆಗೆ ಹೋದಳು, ಗಂಡನಿಂದ ಕೆಲಸ ಕಲಿತಳು, ಅವನನ್ನು ಮೀರಿಸಿದಳು. ವೀರಬಸಪ್ಪ ಕಿರಾಣಿ ಬಿಟ್ಟು ಗೊಬ್ಬರ, ಬೀಜದ ವ್ಯಾಪಾರಕ್ಕೆ ಇಳಿದ. ಕಥೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ನಾಗರಪಂಚಮಿಗೆ ಅಣ್ಣ ತಂಗಿಯನ್ನು ತವರಿಗೆ ಕರೆತರುವುದು ನಮ್ಮ ಕಡೆಯ ಪದ್ಧತಿ. ಅವನು ಒಂದು ವರ್ಷವೂ ತಪ್ಪಿಸಿದವನಲ್ಲ. ಹಾಗೆಯೇ ಊಟವಾದ ಮೇಲೆ ಮನೆಯ ಮಕ್ಕಳನ್ನು ಕೂರಿಸಿಕೊಂಡು ಸೇತುವೆ, ಸಮುದ್ರ, ಹಡಗುಗಳ ಕಥೆ ಹೇಳುವುದನ್ನೂ ತಪ್ಪಿಸಿದವನಲ್ಲ. ಹಾಲಮ್ಮ ಬಾಯಿ ತೆರೆದರೆ, "ನೀನು ಉಂಡಿ ಕಟ್ಟವ್ವ, ವಿಮಾನ ನನಗ ಬಿಡು" ಎನ್ನುವನು. ಎಲ್ಲರೂ ನಗುವರು. ಅವಳೂ ನಗುತ್ತಿದ್ದಳು. ಆದರೆ ಮಗಳು ರಕ್ಷಿತಾ, ತಾಯಿಯ ಕೈಯಲ್ಲಿದ್ದ ಉಂಡಿ ಪುಡಿಯಾಗುವುದನ್ನು ಒಂದು ವರ್ಷ ಕಂಡಳು.

ರಕ್ಷಿತಾ ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುತ್ತಾಳೆ. ಕಳೆದ ವರ್ಷ ರಜೆಗೆ ಬಂದಾಗ, ಗಿರಾಕಿಯೊಬ್ಬರು ಬೇಡವೆಂದು ಬಿಟ್ಟುಹೋಗಿದ್ದ ಹಳೆಯ ಕಂಪ್ಯೂಟರ್ ಅಂಗಡಿಯ ಮೂಲೆಯಲ್ಲಿತ್ತು. ಹೊಸ ವಿಂಡೋಸ್ ಅದರ ಮೇಲೆ ಕೂರುವುದಿಲ್ಲವೆಂದು ಅವಳು ಲಿನಕ್ಸ್ ಹಾಕಿದಳು.

"ಅದೇನೆ ಅದು?" ಎಂದು ಹಾಲಮ್ಮ ಕೇಳಿದಳು.

"ಕಂಪ್ಯೂಟರ್ ನಡೆಸೋ ತಂತ್ರಾಂಶ ಅಮ್ಮ. ಪುಕ್ಕಟೆ. ಒಳಗೆ ಹೆಂಗೆ ಬರೆದಿದಾರೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡ್ಬಹುದು, ತಿದ್ದಬಹುದು."

"ಬಿಚ್ಚಿ ನೋಡ್ಬಹುದಾ? ಹಂಗಾದ್ರೆ ಇರ್ಲಿ."

ಮೊದಲು ಬಂದದ್ದು ಇತ್ತೀಚಿನ ಒಂದು ಬೇಸಾಯದ ಆಟ. ಯಾವುದೋ ದೂರದೇಶದ ಬಯಲಿನಲ್ಲಿ ಟ್ರ್ಯಾಕ್ಟರ್ ಓಡಿಸುವುದು. ಹಳೆಯ ಯಂತ್ರಕ್ಕೆ ಭಾರವಾಗದಿರಲೆಂದು ರಕ್ಷಿತಾ ಚಿತ್ರದ ನಯವನ್ನು ತಗ್ಗಿಸಿ ಅದನ್ನು ನಡೆಸಿದಳು. ಸದಾಶಿವಪ್ಪ ಉತ್ಸಾಹದಿಂದ ಕುಳಿತವನು ಐದು ನಿಮಿಷದಲ್ಲಿ ಟ್ರ್ಯಾಕ್ಟರನ್ನು ಕೆರೆಗೆ ಇಳಿಸಿದ. "ಗದ್ದೆಗೆ ಒಂದು ಬದು ಇಲ್ಲ ಮಾರಾಯ್ತಿ, ಇದೆಂಥ ಊರು!" ಎಂದು ಎದ್ದುಹೋದ.

ಹಾಲಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಹಳೇ ವಿಮಾನದ ಆಟ ಸಿಗ್ತದೇನೆ?"

ಸಿಕ್ಕಿತು. ಅದನ್ನು ಮಾಡಿದ ಕಂಪನಿಯೇ ಈಗ ಮತ್ತೆ ಮಾರುತ್ತಿತ್ತು. ವಿಂಡೋಸಿಗೆಂದು ಮಾಡಿದ ಆಟವದು. ನಡುವೆ ದುಭಾಷಿಯಂತೆ ನಿಲ್ಲುವ ಇನ್ನೊಂದು ತಂತ್ರಾಂಶವನ್ನು ಹಾಕಿ ರಕ್ಷಿತಾ ಅದು ಲಿನಕ್ಸಿನಲ್ಲಿ ಓಡುವಂತೆ ಮಾಡಿದಳು. ಪರದೆಯ ಮೇಲೆ ಆ ಸಣ್ಣ ವಿಮಾನ ಮೇಲೆದ್ದಾಗ ಹಾಲಮ್ಮ ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡಳಂತೆ.

"ಅಮ್ಮ, ಸೇತುವೆ ಆಚೆ ಏನಿದೆ ಅಂತ ಮೊಬೈಲಲ್ಲೇ ಹುಡುಕಿ ಮಾಮನಿಗೆ ತೋರಿಸಿಬಿಡ್ಲಾ?"

"ಬೇಡ. ಯಾರೋ ಆಡಿದ್ದು ತೋರಿಸಿದ್ರೆ ಏನು ಬಂತು? ಅದನ್ನ ನೋಡ್ಕೊಂಡೇ ಹೇಳ್ತಾಳೆ ಅಂತಾನೆ. ನಾನೇ ದಾಟ್ಬೇಕು, ಅವನ ಎದುರಿಗೆ."

ಪಂಚಮಿಗೆ ಆರು ವಾರವಿತ್ತು. ಮಳೆ ಹಿಡಿದ ಮೇಲೆ ರೈತರು ಪಂಪು ಹಚ್ಚುವುದಿಲ್ಲ, ಮೋಟಾರು ಸುಡುವುದಿಲ್ಲ. ತಂತಿ ಸುತ್ತುವ ವೈಂಡಿಂಗ್ ಅಂಗಡಿಗೆ ಅದು ಬಿಡುವಿನ ಕಾಲ. ಆದರೆ ಕೀಲಿಮಣೆಯ ಸಣ್ಣ ಗುಂಡಿಗಳು ಅವಳ ಒರಟು ಬೆರಳಿಗೆ ಹೊಂದಲಿಲ್ಲ. ಆಗ ಹಾಲಮ್ಮ ಮಾಡಿದ್ದು ಅವಳಿಗೇ ಹೊಳೆಯಬಹುದಾದ ಕೆಲಸ. ಹಳೆಯ ಪಂಪ್ ಸ್ಟಾರ್ಟರುಗಳ ಗುಂಡಿಗಳನ್ನು ಬಿಚ್ಚಿ ಒಂದು ಮರದ ಪೆಟ್ಟಿಗೆಗೆ ಕೂರಿಸಿದಳು. ಹಸಿರು ಗುಂಡಿ ಗುಂಡು ಹಾರಿಸಲು, ಕೆಂಪು ಗುಂಡಿ ಬಾಂಬು ಹಾಕಲು. ಮುರಿದ ಟಿಲ್ಲರಿನ ಗೇರು ಹಿಡಿಕೆ ವಿಮಾನವನ್ನು ತಿರುಗಿಸಲು. ಇವೆಲ್ಲದರ ತಂತಿಗಳನ್ನು ಕಂಪ್ಯೂಟರಿಗೆ ಸೇರಿಸುವ ಸಣ್ಣ ಬೋರ್ಡೊಂದನ್ನು ರಕ್ಷಿತಾ ಶಿವಮೊಗ್ಗದಿಂದ ತರಿಸಿದಳು.

ಹಸಿರು ಗುಂಡಿ ಸರಿಯಾಗಿ ಕೆಲಸ ಮಾಡಿತು. ಕೆಂಪು ಗುಂಡಿ ಮಾತ್ರ ಹುಚ್ಚುಹುಚ್ಚಾಗಿ ಆಡಿತು. ಆಟ ಶುರುವಾದೊಡನೆ, ಯಾರೂ ಮುಟ್ಟದಿದ್ದರೂ, ಒಂದು ಬಾಂಬು ತಾನಾಗಿ ಬೀಳುವುದು. ಆಮೇಲೆ ಒತ್ತಿದರೆ ಬೀಳದು. ಬೈದುಕೊಂಡು ಕೈ ಎತ್ತಿದರೆ ಆಗ ಬೀಳುವುದು. ರಕ್ಷಿತಾ ಎರಡು ದಿನ ತಲೆ ಕೆಡಿಸಿಕೊಂಡು, ಲಿನಕ್ಸನ್ನೇ ಅಳಿಸಿ ಮತ್ತೆ ಹಾಕಿದಳು. ಬದಲಾಗಲಿಲ್ಲ.

"ಪುಕ್ಕಟೆ ಸಿಕ್ಕಿದ್ದಲ್ವಾ, ಹಂಗೇ ಇರ್ತದೆ" ಎಂದು ಸದಾಶಿವಪ್ಪ ಬಾಗಿಲಲ್ಲೇ ನಿಂತು ಚುಚ್ಚಿದ.

"ರೀ, ಸುಮ್ನಿರ್ರೀ!" ಎನ್ನುತ್ತ ಹಾಲಮ್ಮ ಟೆಸ್ಟ್ ಲ್ಯಾಂಪಿನ ತಂತಿಯನ್ನು ಗುಂಡಿಗೆ ಹಿಡಿದಳು. ದೀಪ ಹತ್ತಿತು. ಗುಂಡಿ ಒತ್ತಿದಳು. ದೀಪ ಆರಿತು. ಅವಳು ಹಣೆ ಚಚ್ಚಿಕೊಂಡಳು. ಸ್ಟಾರ್ಟರಿನ ಕೆಂಪು ಗುಂಡಿ ಪಂಪನ್ನು ನಿಲ್ಲಿಸುವ ಗುಂಡಿ. ಒತ್ತದೆ ಇರುವಾಗ ಅದರೊಳಗೆ ಸಂಪರ್ಕ ಇರುತ್ತದೆ, ಒತ್ತಿದರೆ ಕಡಿಯುತ್ತದೆ. ಕಂಪ್ಯೂಟರು ಅದನ್ನು ಸದಾ ಒತ್ತಿಹಿಡಿದ ಗುಂಡಿಯೆಂದೇ ತಿಳಿದಿತ್ತು.

"ಸಾವಿರ ಸ್ಟಾರ್ಟರ್ ರಿಪೇರಿ ಮಾಡಿದೀನಿ ಕಣೆ, ಇದು ಹೊಳಿಲಿಲ್ಲ ನೋಡು!"

ಬೇರೆ ಗುಂಡಿ ಹಾಕೋಣವೆಂದು ಅವಳು ಹೊರಟರೆ ರಕ್ಷಿತಾ ತಡೆದಳು. ಗುಂಡಿಗಳನ್ನು ಓದುವ ತಂತ್ರಾಂಶವೂ ಬಿಚ್ಚಿ ನೋಡಬಹುದಾದದ್ದೇ. ಅದರಲ್ಲಿ ಆ ಒಂದು ಗುಂಡಿಯ ಅರ್ಥವನ್ನು ತಿರುವುಮುರುವು ಮಾಡುವ ಒಂದೇ ಸಾಲನ್ನು ಸೇರಿಸಿದಳು. ಕೆಂಪು ಗುಂಡಿ ದಾರಿಗೆ ಬಂತು.

ಕೈ ಮಾತ್ರ ಬೇಗ ದಾರಿಗೆ ಬರಲಿಲ್ಲ. ನಲವತ್ತೇಳು ವರ್ಷದ ಕಣ್ಣು. ಮೊದಲ ವಾರ ಮೂರನೆಯ ಹಂತ ದಾಟಲಾಗಲಿಲ್ಲ. ಹಾಲಮ್ಮ ವೈಂಡಿಂಗಿನ ನೋಟುಪುಸ್ತಕ ತೆರೆದು, ಮೋಟಾರಿನ ಸುತ್ತುಗಳನ್ನು ಬರೆಯುವ ಹಾಗೆಯೇ ವೈರಿ ವಿಮಾನಗಳ ಸಾಲುಗಳನ್ನು ಒಂದೊಂದಾಗಿ ಬರೆದುಕೊಂಡಳು. ನಾಲ್ಕನೆಯ ವಾರ ಸೇತುವೆ ಕಂಡಿತು. ದಾಟಲು ಆಗಲಿಲ್ಲ. ಆರನೆಯ ವಾರವೂ ಆಗಲಿಲ್ಲ. ಅಷ್ಟರಲ್ಲಿ ಅಣ್ಣ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ್ದ.

"ಇದೇನ್ ತಂಗಿ, ಸ್ಟಾರ್ಟರ್ ಪೆಟ್ಟಿಗಿ ಹೊತಗೊಂಡಿ? ನಮ್ಮನಿ ಅಂಗಳದಾಗ ಬೋರ್ ಕೊರಸ್ತೀಯೇನು?"

"ಅಲ್ಲಿ ಹೋಗಿ ಹೇಳ್ತೀನಿ ನಡಿ" ಎಂದಳು.

ಪಂಚಮಿಯ ಬೆಳಿಗ್ಗೆ ಅವಳು ನಮ್ಮ ಮನೆಗೇ ಬಂದು ಕರೆದಳು. "ಸರ್, ನೀವೂ ಬರ್ಬೇಕು. ಅವತ್ತು ನೀವೂ ನಂಬಿರ್ಲಿಲ್ಲ." ನಾನು ಹೋದೆ.

ನಡುಮನೆಯಲ್ಲಿ ಟಿವಿಗೆ ಕಂಪ್ಯೂಟರ್ ಜೋಡಿಸಿದ್ದರು. ಜೋಕಾಲಿ ಬಿಟ್ಟು ಬಂದ ಹೆಣ್ಣುಮಕ್ಕಳು, ಬೀದಿಯ ನಾಲ್ಕೈದು ಜನ, ಎಲ್ಲರೂ ಸೇರಿದ್ದರು. ಹಾಲಮ್ಮ ಪೆಟ್ಟಿಗೆಯನ್ನು ಅಣ್ಣನ ಮುಂದೆ ಇಟ್ಟಳು. "ಮೊದಲು ನೀನು ಆಡು ಅಣ್ಣಾ. ಸಮುದ್ರ ತೋರಿಸು."

ವೀರಬಸಪ್ಪ ಗತ್ತಿನಿಂದ ಕುಳಿತ. ಎರಡನೆಯ ಹಂತದಲ್ಲೇ, ಒಂದು ಆಟಕ್ಕೆ ಸಿಗುವ ಅವನ ಮೂರು ವಿಮಾನಗಳೂ ಬಿದ್ದುಹೋದವು. "ಗುಂಡಿ ಬಿಗಿ ಅದಾವ" ಎಂದ. ಆಮೇಲೆ, "ಕನ್ನಡಕ ಬ್ಯಾರೆ ಮಾಡಸ್ಬೇಕು" ಎಂದ. ಇಷ್ಟಾದರೂ ಅವನ ನಗು ಕುಂದಲಿಲ್ಲ. "ನೀ ಅಲ್ಲಿಮಟ ಹೋಗು ನೋಡೋಣ."

ಹಾಲಮ್ಮ ಕುಳಿತಳು. ಅವಳ ತುಟಿ ಅಲ್ಲಾಡತೊಡಗಿತು. ಮೊದಲ ಮೂರು ಹಂತಗಳು ಸಲೀಸಾಗಿ ಹೋದವು. ನಾಲ್ಕನೆಯದರಲ್ಲಿ ಒಂದು ವಿಮಾನ ಹೋಯಿತು. ಸೇತುವೆಯ ಮುಂದೆ ಇನ್ನೊಂದು. ಉಳಿದದ್ದು ಒಂದೇ. ತೋಪುಗಳು ಎರಡೂ ಕಡೆಯಿಂದ ಬೆಂಕಿ ಉಗುಳುತ್ತಿದ್ದವು. "ಉಂಡಿ ತಿಂತೀಯೇನ್ ತಂಗಿ?" ಎಂದು ವೀರಬಸಪ್ಪ ಕೆಣಕಿದ. ಅವಳಿಗೆ ಕೇಳಿಸಿತೋ ಇಲ್ಲವೋ. ಎಲ್ಲರೂ ಬಲಕ್ಕೆ ಹೋಗೆಂದು ಕೂಗುತ್ತಿದ್ದರೆ ಅವಳು ಕದಲದೆ ಎಡ ಮೂಲೆಯಲ್ಲೇ ನಿಂತು, ಏನನ್ನೋ ಪೂರ್ತಿ ಎಣಿಸಿ ಮುಗಿಸಿ, ಅಂಗೈಯಿಂದ ಕೆಂಪು ಗುಂಡಿಯನ್ನು ಒತ್ತಿದಳು.

ಸೇತುವೆ ಮುರಿದು ಬಿತ್ತು. ಪರದೆ ಒಂದು ಕ್ಷಣ ಕಪ್ಪಾಯಿತು. ಆಮೇಲೆ ಇಡೀ ಟಿವಿ ಬೆಳ್ಳಗಾಯಿತು. ಮಂಜು ಹೊದ್ದ ಬೆಟ್ಟಗಳು, ಒಂದರ ಹಿಂದೆ ಒಂದು.

ಮೊದಲು ಬಾಯಿ ತೆರೆದವಳು ವೀರಬಸಪ್ಪನ ಹೆಂಡತಿ. "ಏನ್ರೀ, ಎಲ್ಲೈತ್ರೀ ನಿಮ್ಮ ಸಮುದ್ರ?"

"ಹಡಗು... ಇನ್ನೂ ಮುಂದ ಬರ್ತಾವೇನೋ" ಎಂದ ಅವನು. ಮನೆ ಹಾರಿಹೋಗುವಂತೆ ಎಲ್ಲರೂ ನಕ್ಕರು. ಅವನೂ ನಗಲು ಹೋದ, ಆಗಲಿಲ್ಲ. ತಂಗಿಯ ಪಕ್ಕಕ್ಕೆ ಬಂದು ನೆಲದ ಮೇಲೆ ಕುಳಿತ.

"ಹಾಲಮ್ಮ, ಅವತ್ತು ನೀ ಒಬ್ಬಾಕೀನ ಮನ್ಯಾಗಿದ್ದಿ ಅಂತ ನನಗ ಗೊತ್ತಿತ್ತು. ದೋಸ್ತರು ಕೇಳಿದ್ರು, ಬಾಯಿಗೆ ಬಂದುಬಿಡ್ತು. ಆಮ್ಯಾಲೆ ಹಿಂದಕ್ಕ ತಗೊಳ್ಳಾಕ ಆಗ್ಲಿಲ್ಲ."

"ತಡಿ ಅಣ್ಣಾ, ಎಣಿಸ್ತಾ ಇದೀನಿ" ಎಂದಳು ಹಾಲಮ್ಮ, ಪರದೆಯಿಂದ ಕಣ್ಣು ಕೀಳದೆ.

ಅವಳು ಬೆಟ್ಟಗಳನ್ನೂ ದಾಟಿ, ಏಳನೆಯ ಹಂತದ ಅರ್ಧದವರೆಗೆ ಹೋಗಿ ಬಿದ್ದಳು. ಅಂಕಿ ಹಳೆಯದಕ್ಕಿಂತ ಎಷ್ಟೋ ಮೇಲಿತ್ತು. ಆಗ ಅವಳು ತಿರುಗಿ, "ಈಗ ಹೇಳು, ಏನಂದಿ?" ಎಂದು ಕೇಳಿದಳು. ಪಾಪ, ವೀರಬಸಪ್ಪ ಅದೆಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು, ಅದೂ ಬೀದಿಯವರೆಲ್ಲರ ಎದುರಿಗೆ. ನಾನು ಕೂಡ ಎದ್ದುನಿಂತು, ನನ್ನದೂ ತಪ್ಪಾಯಿತೆಂದು ಒಪ್ಪಿಕೊಂಡೆ. "ಬಿಡಿ ಸರ್" ಎಂದಳು. ಮುಖ ಮಾತ್ರ ಹಬ್ಬದ ದೀಪದಂತಿತ್ತು.

ಮರುವಾರ ಬೀಜ ಕೊಳ್ಳಲು ಬಂದ ಬಳ್ಳಿಗಾವಿಯ ಹಳೆಯ ಗೆಳೆಯನೊಬ್ಬ ಆ ದಿನಗಳನ್ನು ನೆನೆದಾಗ, ವೀರಬಸಪ್ಪ ತಕ್ಕಡಿ ಕೆಳಗಿಟ್ಟು, "ಅದು ನಾನಲ್ಲೋ, ನಮ್ಮ ತಂಗಿ" ಎಂದದ್ದನ್ನು ನಾನೇ ಕೇಳಿದ್ದೇನೆ. ಕೇಳದಿದ್ದವರಿಗೂ ಈಗ ಅವನೇ ಹೇಳುತ್ತಾನೆ. ಮೊದಲು ಹೇಳುತ್ತಿದ್ದ ಹುರುಪಿನಿಂದಲೇ ಹೇಳುತ್ತಾನೆ.

ಮೊನ್ನೆ ಭಾನುವಾರ ನಾನು ಜಡೆಗೆ ಹೋಗಿದ್ದೆ. ಹಾಲಮ್ಮ ಒತ್ತಾಯದಿಂದ ನನ್ನನ್ನು ಪೆಟ್ಟಿಗೆಯ ಮುಂದೆ ಕೂರಿಸಿದಳು. ಮೊದಲನೆಯ ಹಂತದಲ್ಲೇ ನನ್ನ ಮೂರೂ ವಿಮಾನಗಳು ನೆಲಕ್ಕೆ ಬಿದ್ದವು. ಅವಳು ಈಗ ಒಂಬತ್ತನೆಯದರಲ್ಲಿದ್ದಾಳೆ.