ಮುಳ್ಳು ಬಾರದ ಕುಸುರೆಳ್ಳು

ನನಗೆ ಹಾಸ್ಯಪ್ರಜ್ಞೆ ಕಡಿಮೆ ಎಂದು ನಮ್ಮ ಮನೆಯವರು ಮದುವೆಯಾದ ಮೂರನೆಯ ತಿಂಗಳಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದಾರೆ. ಹಾಲು ಉಕ್ಕಿದರೆ ಅವರು ನಗುತ್ತಾರೆ; ನಾನು ಒಲೆ ಒರೆಸುತ್ತೇನೆ. ಒಲೆ ಒರೆಸುವವರಿಗೆ ನಗು ಸ್ವಲ್ಪ ತಡವಾಗಿ ಬರುತ್ತದೆ ಎಂಬುದು ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ದಿಮ್ಮಿ ಅಳೆಯುವ ಇವರಿಗೆ ಹೊಳೆಯುವ ಸಂಗತಿಯಲ್ಲ. "ಈಗ ಸಿಟ್ಟು ಬರ್ತದ, ಆಮ್ಯಾಲೆ ನೆನಸಿಕೊಂಡು ನೀನ ನಗತೀ" ಎನ್ನುತ್ತಾರೆ. ಆಮ್ಯಾಲೆ ಅಂದರೆ ಎಷ್ಟು ಹೊತ್ತಿನ ಮೇಲೆ? ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಈ ಸಲದ ಸಂಕ್ರಾಂತಿಯ ಹಿಂದಿನ ವಾರ ನನ್ನ ಮೇಲೆ ಏನೇನು ಬಂತು ಹೇಳುತ್ತೇನೆ, ಎಲ್ಲಿ ನಗಬೇಕಿತ್ತು ಎಂದು ನೀವೇ ತೋರಿಸಿಕೊಡಿ.

ನಮ್ಮ ಪುಟ್ಟಿಗೆ ಹತ್ತು ತಿಂಗಳು. ಅವಳದು ಮೊದಲ ಸಂಕ್ರಾಂತಿ. ನಮ್ಮ ಕಡೆ ಮೊದಲ ಸಂಕ್ರಾಂತಿಗೆ ಮಗುವಿಗೆ ಕರಿಯ ಅಂಗಿ ತೊಡಿಸಿ, ಕುಸುರೆಳ್ಳಿನ ಒಡವೆ ಹಾಕಿ, ತಲೆಯ ಮೇಲೆ ಬಾರಿಹಣ್ಣು, ಕಬ್ಬಿನ ಚೂರು ಸುರಿಯುತ್ತಾರೆ. ಕುಸುರೆಳ್ಳು ಅಂದರೆ, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ಎಳ್ಳಿಗೆ ಸಕ್ಕರೆ ಪಾಕವನ್ನು ಚಮಚೆ ಚಮಚೆಯಾಗಿ ಉಣಿಸುತ್ತ, ಸಣ್ಣ ಕೆಂಡದ ಮೇಲೆ ಪರಾತ ಎಂಬ ಅಗಲ ತಟ್ಟೆಯಲ್ಲಿ ಬೆರಳಿನಿಂದ ಹೊರಳಾಡಿಸುತ್ತ, ಮೂರು ನಾಲ್ಕು ದಿನ ಹೀಗೇ ಮಾಡಿ, ಅದರ ಮೈತುಂಬ ಸಣ್ಣ ಸಣ್ಣ ಮುಳ್ಳು ಎಬ್ಬಿಸುವುದು. ಮುಳ್ಳು ಎಷ್ಟು ಚೂಪೋ ಮಾಡಿದವಳ ಹೆಸರು ಅಷ್ಟು ದೊಡ್ಡದು. ಧಾರವಾಡದ ನಾಲ್ಕು ಓಣಿಗಳಲ್ಲಿ ನಮ್ಮ ಅತ್ತೆಯವರ ಕುಸುರೆಳ್ಳಿಗೆ ಹೆಸರಿದೆ. ಅವರು ಕಾಗದ ಬರೆದಿದ್ದರು: "ಎಂಟು ದಿನ ಮೊದಲ ಬಂದು ನಿನಗ ಕಲಿಸಲೇನು?" ನಾನು ಮರುಟಪಾಲಿಗೇ ಬರೆದೆ: "ತಮಗೇಕೆ ತೊಂದರೆ, ನಾನೇ ಮಾಡುತ್ತೇನೆ. ತಾವು ಭೋಗಿಯ ದಿನ ಬಂದರೆ ಸಾಕು."

ಈ ಸೊಕ್ಕಿಗೆ ಕಾರಣವಿತ್ತು. ಅತ್ತೆಯವರು ಕೆಟ್ಟವರಲ್ಲ. ಆದರೆ ನೆಂಟರ ಮುಂದೆ ನನ್ನನ್ನು "ನಮ್ಮ ಸೊಸಿ ಕಾನ್ವೆಂಟಿನ್ಯಾಕಿ" ಎಂದು ಪರಿಚಯಿಸುವಾಗ, ಒಡೆಯುವ ಗಾಜಿನ ಸಾಮಾನಿನ ಪೆಟ್ಟಿಗೆ ತೋರಿಸಿ ಜೋಪಾನ ಎಂದಹಾಗಿರುತ್ತದೆ. ಮೂರು ವರ್ಷದಿಂದ ಈ ಪೆಟ್ಟಿಗೆಯಲ್ಲಿ ಕುಳಿತು ನನಗೆ ಸಾಕಾಗಿತ್ತು. ನನ್ನ ಮಗಳ ಒಡವೆಯ ಮುಳ್ಳುಗಳ ಮೇಲೆ ನಾನು ಆಚೆ ಬರುವವಳಿದ್ದೆ.

ಸೋಮವಾರ ಬೆಳಗ್ಗೆ ಎದ್ದರೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗಿ ಕುಳಿತಿತ್ತು. ಮೊಸರು ಮಾತ್ರ ಪಾತ್ರೆಯಲ್ಲಿ ನೀರಾಗಿ ಮಲಗಿತ್ತು. ಈ ಊರಿನ ಚಳಿಯ ಸ್ವಭಾವವೇ ಹಾಗೆ, ಹೆಪ್ಪುಗಟ್ಟಬೇಕಾದ್ದನ್ನು ಬಿಟ್ಟು ಬೇಡದ್ದನ್ನು ಹೆಪ್ಪುಗಟ್ಟಿಸುತ್ತದೆ. ಎಣ್ಣೆ ಕರಗಲೆಂದು ಬಾಟಲಿಯನ್ನು ಒಲೆಯ ಪಕ್ಕ ಇಟ್ಟೆ, ಟಪ್ಪೆಂದು ಸೀಳು ಬಿಟ್ಟಿತು. ಮೊಸರಿಗೆ ಬೆಚ್ಚಗಿರಲೆಂದು ಪಾತ್ರೆಗೆ ಇವರ ಉಣ್ಣೆಯ ಮಫ್ಲರು ಸುತ್ತಿಟ್ಟೆ. ಮರುದಿನ ಕಾರ್ಖಾನೆಯ ಭೋಂಗಾ ಕೂಗಿದೊಡನೆ ಇವರು ಅರೆಗತ್ತಲಲ್ಲಿ ಮಫ್ಲರನ್ನು ಎಳೆದು ಕೊರಳಿಗೆ ಸುತ್ತಿಕೊಂಡು ನಡೆದರು. ಪಾತ್ರೆ ಉರುಳಿ ಮೊಸರು ಅಡಿಗೆಮನೆಯಲ್ಲೆಲ್ಲ ಹರಿಯಿತು. ಆ ದಿನ ಅದು ಬಲು ಚೆನ್ನಾಗಿ ಹೆಪ್ಪುಗಟ್ಟಿತ್ತು ಎಂಬುದೇ ನನ್ನ ಸಂಕಟ. ಡಿಪೋದ ನಾಯಿಗಳೆರಡು ದಿನವಿಡೀ ತಮ್ಮ ಹಿಂದೆಯೇ ಇದ್ದವು ಎಂದು ಇವರು ಸಂಜೆ ಬಂದು ಹೇಳಿಕೊಂಡು ನಕ್ಕರು.

ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ತಪ್ಪು ಹೊಲಿಗೆಯನ್ನು ಬಿಚ್ಚುವಾಗ ಮುಗುಳ್ನಗಬೇಕು ಎಂಬುದು ಅವರ ಕಟ್ಟಳೆ; ದೇವರಿಗೆ ಸಿಡುಕುಮುಖ ಸೇರುವುದಿಲ್ಲವಂತೆ. ನಾನು ಏಳು ವರ್ಷ ಮುಗುಳ್ನಗುತ್ತ ಹೊಲಿಗೆ ಬಿಚ್ಚಿದ್ದೇನೆ. ಕೆನ್ನೆಗೆ ಅಭ್ಯಾಸವಾಯಿತೇ ಹೊರತು ಒಳಗೆ ನಗು ಹುಟ್ಟಲಿಲ್ಲ. ಆ ಮಂಗಳವಾರವೂ ಅದೇ ಮುಗುಳ್ನಗೆಯಿಂದ ನೆಲ ಒರೆಸಿದೆ.

ಬುಧವಾರ ಪಾಕಕ್ಕೆ ಕೂತೆ. ಸಕ್ಕರೆಯ ಕೊಳೆ ತೆಗೆಯಲು ಕುದಿಯುವ ಪಾಕಕ್ಕೆ ನಾಲ್ಕು ಚಮಚೆ ಹಾಲು ಬೀಳಬೇಕು. ಹಾಲು ಕೊಡುವ ಗೌಳಿ ಜನಾಬಾಯಿ ಹೊತ್ತಿಗೆ ಬರಲಿಲ್ಲ. ಹತ್ತು ಗಂಟೆಗೆ ಖಾಲಿ ಕೊಡ ಹಿಡಿದು ಬಂದಳು.

"ಎಮ್ಮಿ ಸಿಗವಲ್ದು ಬಾಯಿ. ಅಡವ್ಯಾಗ ಮಂಜ ಬಿದ್ದೈತಿ."

"ಅಷ್ಟು ದೊಡ್ಡ ಕರೀ ಎಮ್ಮಿ, ಬಿಳೀ ಮಂಜಿನಾಗ ಎದ್ದು ಕಾಣೂದಿಲ್ಲೇನ?"

ಜನಾಬಾಯಿ ನನ್ನನ್ನು ಕನಿಕರದಿಂದ ನೋಡಿದಳು. "ಮಂಜ ಬಿಳೇದು ಖರೆ ಬಾಯಿ. ಎಮ್ಮಿ ಅದರ ಹಿಂದ ಐತಿ."

ಹಾಲಿಲ್ಲದ ಪಾಕ ಬೂದಿಬಣ್ಣಕ್ಕೆ ತಿರುಗಿತು. ಕೆಂಡದ ಶೇಗಡಿಯ ಬದಲು ನಾನು ಬಳಸಿದ್ದು ನಮ್ಮೂರಿನ ಹೊಟ್ಟಿನ ಒಲೆ. ತಗಡಿನ ಡಬ್ಬಿಯಲ್ಲಿ ಸಾಮಿಲ್ಲಿನ ಮರದ ಹೊಟ್ಟು ಒತ್ತಿ ತುಂಬಿ ಹಚ್ಚುವಂಥದು. ಸಣ್ಣಗೆ, ಒಂದೇ ಸಮ ಉರಿಯುತ್ತದೆ ಎಂದು ಜಾಣತನ ಮಾಡಿದ್ದೆ. ಅದು ನಡುವೆ ಕುಸಿದು ಹೊಗೆ ಉಗುಳಿತು. ಜೊತೆಗೆ ನಾನು ಕೈಗಡಿಯಾರ ಎದುರಿಗಿಟ್ಟುಕೊಂಡು ಐದು ನಿಮಿಷಕ್ಕೊಂದು ಚಮಚೆ ಪಾಕ ಹಾಕುತ್ತಿದ್ದೆ, ಜ್ವರದವರಿಗೆ ಔಷಧ ಕೊಟ್ಟಹಾಗೆ. ಪಕ್ಕದ ಮನೆಯ ಗಂಗಕ್ಕ ಹಳಿಯಾಳದವರು, ಅವರಿಗೆ ಬಾಗಿಲು ದಾಟಿ ಬರಲು ನೆಪ ಬೇಕಿಲ್ಲ. ಬಂದು ಪರಾತ ಬಗ್ಗಿ ನೋಡಿದರು.

"ಇವೇನ್ರಿ ಬಾಯಾರ?"

"ಕುಸುರೆಳ್ಳು."

"ಮುಳ್ಳು ಎಲ್ಲಿ?"

"ಬರ್ತಾವ."

"ಯಾವ ಬಸ್ಸಿಗೆ?"

ಗುರುವಾರ ಮುಳ್ಳು ಬರಲಿಲ್ಲ. ಕಾಳಿ ನದಿಯ ಮಂಜು ಹನ್ನೊಂದು ಗಂಟೆಯವರೆಗೂ ಕಿಟಕಿಗೆ ಒತ್ತಿಕೊಂಡೇ ನಿಂತಿತ್ತು. "ಮುಳ್ಳೇಳಾಕ ಒಣಾ ಚಳಿ ಬೇಕ್ರಿ, ಇದು ಹಸೀ ಚಳಿ" ಎಂದರು ಗಂಗಕ್ಕ. ಶುಕ್ರವಾರ ಬಿಸಿಲು ಬಿದ್ದೊಡನೆ ಪರಾತವನ್ನು ಹಿತ್ತಲ ಕಟ್ಟೆಯ ಮೇಲಿಟ್ಟೆ. ಕರಿಮುಖದ ಮಂಗವೊಂದು ಹಂಚಿನಿಂದ ಇಳಿದು ಬಂದು ಒಂದು ಹಿಡಿ ತುಂಬಿಕೊಂಡಿತು. ನಾನು ಕೋಲು ಹಿಡಿದು ಓಡುವಷ್ಟರಲ್ಲಿ ಅದು ಅಗಿಯುವುದನ್ನು ನಿಲ್ಲಿಸಿತು. ನನ್ನನ್ನೇ ಒಂದು ಕ್ಷಣ ನೋಡಿತು. ಆಮೇಲೆ ಬಾಯಲ್ಲಿದ್ದದ್ದನ್ನೆಲ್ಲ ಉಗುಳಿ, ಕೈಯಲ್ಲಿದ್ದದ್ದನ್ನು ಪರಾತಕ್ಕೇ ಮರಳಿ ಹಾಕಿ ಹೋಯಿತು. ಮಂಗ ಕದ್ದರೆ ಸಹಿಸಬಹುದು, ಹಿಂದಿರುಗಿಸಿದರೆ ಯಾರಿಗೆ ದೂರುವುದು? ಊಟಕ್ಕೆ ಬಂದಿದ್ದ ಇವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು, ನಕ್ಕು ನಕ್ಕು ಹೊಸ್ತಿಲ ಮೇಲೆ ಕೂತರು. ಅವರಿಗೆ ಆ ಹೊತ್ತು ಅನ್ನ ಬಡಿಸಿದ್ದೇ ನನ್ನ ಸಂಸ್ಕಾರ.

ಮಂಗ ಮುಟ್ಟಿದ್ದನ್ನು ಚೆಲ್ಲಿ, ಪರಾತ ಹಿಡಿಸದೆ ಒಳಗೆ ಡಬ್ಬಿಯಲ್ಲಿಟ್ಟಿದ್ದನ್ನೇ ದಾರಕ್ಕೆ ಪೋಣಿಸಿ ಸರ, ಬಳೆ, ಕಿರೀಟ ಕಟ್ಟಿದೆ. ಬೋಳು ಬೋಳು, ಬೂದಿಬಣ್ಣ. "ದವಾಖಾನಿ ಗುಳಗಿ ಸರ ಆದಂಗಾತು ನೋಡ್ರಿ" ಎಂದರು ಗಂಗಕ್ಕ.

ಶನಿವಾರ ಭೋಗಿ. ಅತ್ತೆಯವರು ಬಸ್ಸಿನಿಂದ ಇಳಿದು, ಕೈಕಾಲು ತೊಳೆದು, ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು "ದಾಗೀನ ತೋರಸು" ಎಂದರು. ತಂದಿಟ್ಟೆ. ಸರವನ್ನು ಎತ್ತಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಾಡಿಸಿದರು. ಟ್ರಂಕು ತೆರೆದು ಒಂದು ಡಬ್ಬಿ ಹೊರಗಿಟ್ಟರು. ಮಲ್ಲಿಗೆ ಮೊಗ್ಗಿನಂಥ ಬೆಳ್ಳಗಿನ ಕುಸುರೆಳ್ಳು. ಮುಳ್ಳು ಎಂದರೆ ಮುಳ್ಳು. ಕಿರೀಟದಿಂದ ಕಾಲ್ಗೆಜ್ಜೆಯವರೆಗೆ ಒಂದೂ ಬಿಟ್ಟಿಲ್ಲ, ಹಂಚಲು ಬೇರೆ ಒಂದು ಸೇರು. ನಾನು ಬೇಡ ಎಂದು ಬರೆದ ದಿನವೇ ಶುರುಮಾಡಿರಬೇಕು. ನೀರು ತರುತ್ತೇನೆಂದು ನಾನು ಒಳಗೆ ಹೋದೆ. ತುಂಬಿದ ತಂಬಿಗೆ ಅವರ ಎದುರಿಗೇ ಇತ್ತು.

ಮರುದಿನ ಸಂಜೆ ಕಾಲನಿಯ ಹೆಂಗಸರು ಬರುವ ಮೊದಲೇ ಅತ್ತೆ ಪುಟ್ಟಿಗೆ ತಮ್ಮ ಒಡವೆ ತೊಡಿಸಿದರು. ಕಿರೀಟ ಹಣೆಗೆ ತಾಗಿತು, ಸರ ಕೊರಳಿಗೆ ಒತ್ತಿತು, ಪುಟ್ಟಿ ಕಿರುಚಿದಳು. ಕೆಂಪಗಾಗಿ, ಉಸಿರು ಕಟ್ಟಿ, ಮತ್ತೆ ಕಿರುಚಿದಳು. ಅತ್ತೆ ಅವಳನ್ನು ಎತ್ತಿ ಆಡಿಸಿದರು, ಹಾಡಿದರು, ಕೊನೆಗೆ ಒಂದೊಂದಾಗಿ ಎಲ್ಲ ಬಿಚ್ಚಿದರು. "ನಿನ್ನವು ತಾ" ಎಂದರು. ನನ್ನ ಬೂದಿಬಣ್ಣದ ಸರ ಹಾಕಿದ್ದೇ ತಡ, ಪುಟ್ಟಿ ಅದರ ತುದಿಯನ್ನು ಬಾಯಿಗಿಟ್ಟುಕೊಂಡು ಸುಮ್ಮನಾದಳು. ಮಂಗ ಒಲ್ಲೆನೆಂದದ್ದನ್ನು ನನ್ನ ಮಗಳು ಚೀಪಿದಳು.

ಹೆಂಗಸರು ಬಂದರು. ಅವರ ಕಣ್ಣು ಮಗುವಿನ ಕೊರಳಿನಲ್ಲಿ ನಿಂತಿತು. ನಾನು ನೆಲ ನೋಡಿದೆ. ಅತ್ತೆ ತಮ್ಮ ಡಬ್ಬಿ ತೆರೆದು ಎಲ್ಲರ ಕೈಗೂ ಹಾಕುತ್ತ ಹೇಳಿದರು: "ಕೂಸಿನ ಮೈಗೆ ಚುಚ್ಚಬಾರದಂತ ಅದಕ್ಕ ಬ್ಯಾರೆ ನುಣ್ಣಗ ಮಾಡ್ಯಾಳ್ರಿ ನಮ್ಮ ಸುಶೀಲಾ. ತಗೋರಿ, ನಿಮಗ ಮಾಡಿದ್ದು ಇವು."

ಗಂಗಕ್ಕನಿಗೆ ಒಮ್ಮೆಲೇ ಕೆಮ್ಮು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು "ಭಾಳ ಚಲೋ ಮುಳ್ಳು ಎದ್ದಾವ್ರಿ" ಎಂದರು. ಉಳಿದವರು ನಾಲಿಗೆಯ ಮೇಲೆ ಮುಳ್ಳು ಹೊರಳಿಸಿ ನೋಡಿ, ಬರುವ ವರ್ಷ ನಮಗೂ ಕಲಿಸ್ರಿ ಎಂದರು. ಆರು ಮಂದಿ. ಹೋಗುವ ಮೊದಲು ಯಾರ ಮನೆಯಲ್ಲಿ ಕೂಡುವುದೆಂದೂ ಗೊತ್ತುಮಾಡಿದರು.

ಅವರು ಹೋದ ಮೇಲೆ ನನಗೆ ಕಣ್ಣಲ್ಲಿ ನೀರೇ ಬಂತು. "ಅತ್ತೀ, ಇದೇನ ಮಾಡಿದ್ರಿ? ಆರು ಮಂದೀಗೆ ನಾ ಏನ ಕಲಿಸಲಿ?"

ಅತ್ತೆ ಪುಟ್ಟಿಯ ಕರಿಯ ಅಂಗಿಯನ್ನು ಮಡಚುತ್ತಿದ್ದರು. "ಕಲಿಸಾಕ ಬರ್ತೇನಿ ಅಂತ ಕಾಗದ ಬರದ್ರ ಬ್ಯಾಡ ಅಂದಿ" ಎಂದರು. "ಈಗ ಬ್ಯಾಡನ್ನು, ನೋಡೂಣು."

ನಗು ಬಂದದ್ದು ಆಗ. ಮೊದಲು ಅವರಿಗೆ ಬಂತೋ ನನಗೆ ಬಂತೋ ತಿಳಿಯದು. ಅತ್ತೆ ಎಂಟು ದಿನ ಉಳಿದರು. ದಿನಾ ಬೆಳಗ್ಗೆ ಪರಾತದ ಎದುರು ಕೂಡಿಸಿ, ಅವಸರ ಮಾಡಿದರೆ ನನ್ನ ಕೈಯ ಮೇಲೆ ಚಮಚೆಯಿಂದ ಹೊಡೆದರು. ಗಾಜಿನ ಸಾಮಾನನ್ನು ಹಾಗೆ ಯಾರೂ ಹೊಡೆಯುವುದಿಲ್ಲ. ಆರನೆಯ ದಿನ, ಸುಟ್ಟ ಬೆರಳ ತುದಿಯಡಿಯಲ್ಲಿ, ಒಂದೇ ಒಂದು ಎಳ್ಳಿಗೆ ಮುಳ್ಳು ಎದ್ದಿತು. ಇವರಿಗೂ ಗಂಗಕ್ಕನಿಗೂ ತೋರಿಸಬೇಕೆಂದು ಅದನ್ನು ಜೋಪಾನವಾಗಿ ಹೆಕ್ಕಿ ಅತ್ತೆಯ ಅಂಗೈಯಲ್ಲಿಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಬಾಯಿಗೆ ಹಾಕಿಕೊಂಡುಬಿಟ್ಟರು.

"ಅಡ್ಡಿಯಿಲ್ಲ" ಎಂದರು.

ಧಾರವಾಡದವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿಲ್ಲ. ಆದರೆ ಸಾಕ್ಷಿಗೆ ಈಗ ಏನೂ ಉಳಿದಿಲ್ಲ.